ಎಂಟರ ಬಿಲ್ಲೆಯ ಕೆಂಚಮ್ಮ

ಹೊನ್ನಗೆರೆಯ ಕೆರೆ ಬಹಳ ವರ್ಷಗಳ ಮೇಲೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಹಿಗ್ಗಿ, ಏರಿಯ ಕೆಳಗೆ ಏಳು ದಿನ ಕೋಲಾಟ ಆಡಿಸುವುದೆಂದು ಗೊತ್ತುಮಾಡಿತು. ಕುಣಿಯುವ ಹೆಂಗಸರು ಆರು ಜನ. ಕಲಿಸುವವರು ಲೆಕ್ಕದ ಮೇಷ್ಟ್ರು ರುದ್ರಪ್ಪನವರು. ಸಾಲು ತಪ್ಪಬಾರದೆಂದು ಅವರು ಒಬ್ಬೊಬ್ಬರ ಸೆರಗಿಗೂ ಒಂದೊಂದು ಅಂಕಿಯ ಬಿಲ್ಲೆ ಸಿಕ್ಕಿಸಿದರು: ೧, ೪, ೨, ೮, ೫, ೭.

ಎಂಟರ ಬಿಲ್ಲೆ ಕೆಂಚಮ್ಮನದು. ಮೊದಲ ದಿನವೇ ಅವಳ ತವರಿನವರು ಬರುವವರಿದ್ದರು. ಅವರ ಕಣ್ಣೆದುರು ಪದ ಎತ್ತಿಕೊಂಡು ಮುಂದೆ ಹೋಗುವವಳು ಒಂದರ ಬಿಲ್ಲೆಯ ಗಿಡ್ಡ ಜವನಮ್ಮ! ಕೆಂಚಮ್ಮನಿಗೆ ತಡೆಯಲಾಗಲಿಲ್ಲ.

"ಎಂಟಕ್ಕಿಂತ ಒಂದು ದೊಡ್ಡದಾ ಮೇಷ್ಟ್ರೇ? ದೊಡ್ಡ ಅಂಕಿಯೋರು ಮುಂದೆ ನಿಲ್ಲಲಿ. ಇಲ್ದಿದ್ರೆ ನಾನು ಕುಣಿಯೋದೇ ಇಲ್ಲ."

ಒಬ್ಬಳು ಹೋದರೆ ಕೋಲಾಟವೇ ನಿಂತಂತೆ. ಮೇಷ್ಟ್ರು ನಕ್ಕು, "ಆಯ್ತಮ್ಮ, ಹಾಗೇ ನಿಲ್ಲಿ" ಎಂದರು.

೮, ೭, ೫, ೪, ೨, ೧ ಎಂದು ನಿಂತು ಸುತ್ತು ಕಟ್ಟಿದರು. ಉದ್ದನೆಯ ಕೆಂಚಮ್ಮನ ಪಕ್ಕಕ್ಕೆ ಜವನಮ್ಮನೇ ಬಂದಳು. ಕೋಲಿಗೆ ಕೋಲು ಸಿಗದೆ ಏಟು ಕೆಂಚಮ್ಮನ ಮೊಣಕೈಗೇ ಬಿತ್ತು. ಹೊಟ್ಟೆಕಿಚ್ಚಿಗೆ ತಾಳ ಎಲ್ಲಿಂದ ಬರಬೇಕು?

ಮೇಷ್ಟ್ರು ಮರಳಿನ ಮೇಲೆ ೮೭೫೪೨೧ ಎಂದು ಬರೆದು ಎರಡರಿಂದ ಗುಣಿಸಿದರು. ೧೭೫೦೮೪೨ ಬಂತು. "ಸಾಲು ಚೆಲ್ಲಾಪಿಲ್ಲಿ. ಸಾಲದ್ದಕ್ಕೆ ಕರೆಯದ ನೆಂಟನ ಹಾಗೆ ನಡುವೆ ಒಂದು ಸೊನ್ನೆ ಬಂದು ಕೂತಿದೆ. ಈಗ ನನ್ನ ಸಾಲು ಗುಣಿಸು. ನಿನಗೆ ಮಗ್ಗಿ ಚೆನ್ನಾಗಿ ಬರುತ್ತಲ್ಲ!"

ಕೆಂಚಮ್ಮ ೧೪೨೮೫೭ನ್ನು ಎರಡರಿಂದ ಗುಣಿಸಿದಳು. ೨೮೫೭೧೪. ಮೂರರಿಂದ, ೪೨೮೫೭೧. ನಾಲ್ಕರಿಂದ, ೫೭೧೪೨೮. ಐದರಿಂದ, ೭೧೪೨೮೫. ಅವೇ ಆರು ಅಂಕಿ, ಅದೇ ಸುತ್ತು. ಮುಂದೆ ನಿಂತವರು ಮಾತ್ರ ಬೇರೆ. ಆರರಿಂದ ಗುಣಿಸಿದಾಗ ೮೫೭೧೪೨ ಬಂತು.

"ಅಯ್ಯೋ, ನಾನೇ ಮುಂದೆ!" ಎಂದು ಕುಣಿದಾಡಿದಳು.

"ಹೂಂ, ಎಷ್ಟನೇ ದಿನವೋ ಅಷ್ಟರಿಂದ ಗುಣಿಸಿ ಬಂದ ಸಾಲು. ಆರನೇ ದಿನ ನಿಂದೇ. ಆದ್ರೆ ನೋಡು, ನಿನ್ನ ಅಕ್ಕಪಕ್ಕದೋರು ಅಕ್ಕಪಕ್ಕದಲ್ಲೇ ಇದ್ದಾರೆ."

ಕೆಂಚಮ್ಮನಿಗೆ ನಾಚಿಕೆಯಾಯಿತು. ಜವನಮ್ಮನ ಕೈಹಿಡಿದು, "ನೀನೇ ನಡೀ ಅಕ್ಕ" ಎಂದಳು. ಮೊದಲ ದಿನ ಸಾಲಿನ ನಡುವೆ ನಿಂತೇ ಮೈಮರೆತು ಕುಣಿದಳು. ಅವಳ ಅವ್ವ ಎಷ್ಟು ಹಿಗ್ಗಿದಳೆಂದರೆ ಏಳು ದಿನವೂ ಮಗಳ ಮನೆಯಲ್ಲೇ ಉಳಿದಳು. ಆರನೇ ದಿನ ಕೆಂಚಮ್ಮ ಪದ ಎತ್ತಿದಾಗ ಎಲ್ಲರಿಗಿಂತ ಗಟ್ಟಿಯಾಗಿ ಸೊಲ್ಲು ಕೊಟ್ಟವಳು ಜವನಮ್ಮ.

ಏಳನೇ ದಿನ ಬೆಳಗ್ಗೆ ಕೆಂಚಮ್ಮ ಅಂಗಳದಲ್ಲಿ ರಂಗೋಲಿ ಪುಡಿಯಲ್ಲೇ ಲೆಕ್ಕ ಹಾಕಿದಳು. ೧೪೨೮೫೭ ಏಳಲಿ ಎಷ್ಟು? ಉತ್ತರ ನೋಡಿ ಒಬ್ಬಳೇ ನಕ್ಕಳು. ಓಡಿಹೋಗಿ ಆರೂ ಬಿಲ್ಲೆಗಳ ಮೇಲೆ ಸುಣ್ಣದಲ್ಲಿ ಹೊಸ ಅಂಕಿ ಬರೆದಳು: ೯, ೯, ೯, ೯, ೯, ೯.

"ಇವತ್ತು ಯಾರೇ ಮುಂದೆ?" ಎಂದು ಅವ್ವ ಕೇಳಿದಳು.

"ಎಲ್ಲರೂನೂ ಅವ್ವ!"

ಆರು ಜನ ಒಟ್ಟಿಗೆ ಪದ ಎತ್ತಿದರು.

ನೀತಿ: ಮುಂದೆ ನಿಲ್ಲುವ ಸರದಿ ಎಲ್ಲರಿಗೂ ಬರುತ್ತದೆ. ಅದಕ್ಕಾಗಿ ಪಕ್ಕದವರನ್ನು ಬಿಟ್ಟುಕೊಡಬೇಡಿ.