ಕೂಗದ ಕುಕ್ಕರ್

ಕುಕ್ಕರ್ ಕೂಗಿದರೆ ಸಾಕು, ಬೂದನೆಂಬ ನಾಯಿ ದಿಕ್ಕೆಟ್ಟು ಬೀದಿಗೆ ಓಡುತ್ತಿತ್ತು. ಒಮ್ಮೆ ಲಾರಿಯ ಚಕ್ರದಿಂದ ಕೂದಲೆಳೆಯಲ್ಲಿ ಪಾರಾಯಿತು.

“ನಾನೇನು ಕಚ್ಚುತ್ತೇನಾ ಮಾರಾಯ?” ಎಂದಿತು ಕುಕ್ಕರ್.

“ಇಲ್ಲವೆಂದು ನನಗೆ ಗೊತ್ತು. ಕಾಲುಗಳಿಗೆ ಗೊತ್ತಿಲ್ಲ.”

“ಹಾಗಾದರೆ ಕಾಲುಗಳಿಗೇ ಪಾಠ ಹೇಳಬೇಕು,” ಎಂದು ಒಲೆಯ ಪಕ್ಕ ಮಲಗಿದ್ದ ಬೆಕ್ಕು ನಕ್ಕಿತು. ಅಂದಿನಿಂದ ಕುಕ್ಕರ್ ಕೂಗಿದಾಗಲೆಲ್ಲ ಬೆಕ್ಕು ಬೂದನಿಗೆ ರೊಟ್ಟಿಚೂರು ಕೊಡುತ್ತಿತ್ತು. ಮೊದಲು ದೂರದ ಹಿತ್ತಲಿನಲ್ಲಿ, ಎಷ್ಟೋ ದಿನಗಳ ಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ. ಬೂದ ನಡುಗಿದ ದಿನ ಬೈಯದೆ ಚೂರನ್ನು ಮತ್ತೆ ಹಿತ್ತಲ ಕಡೆಗೆ ಸರಿಸುತ್ತಿತ್ತು.

ಒಂದು ಬೆಳಿಗ್ಗೆ ಎಷ್ಟು ಕಾದರೂ ಕೂಗು ಬರಲಿಲ್ಲ.

“ಉಸಿರು ಕಟ್ಟಿದೆ, ಸಿಡಿಯುತ್ತೇನೆ, ಓಡಿ!” ಎಂದು ಕುಕ್ಕರ್ ನರಳಿತು.

ಬೆಕ್ಕು ಓಡಿತು. ಬೂದನ ಕಾಲುಗಳು ಗಡಗಡ ನಡುಗಿದವು, ಆದರೆ ಹೊಸ್ತಿಲು ಬಿಡಲಿಲ್ಲ. ಮನೆಯೊಡತಿ ಓಡಿಬಂದು ಒಲೆ ಆರಿಸುವವರೆಗೂ ಅದು ಬೊಗಳುತ್ತಲೇ ಇತ್ತು.