ಮೆಂತ್ಯದ ಕಹಿ

ಬೋರಲಿಂಗಯ್ಯನವರ ನಾಲಿಗೆ ತಪ್ಪುವುದಿಲ್ಲ ಎಂದು ಆ ಕಾಲದಲ್ಲಿ ಹೊಳೆಯ ಎರಡೂ ದಡದವರು ನಂಬಿದ್ದರು.

ಮದುವೆ ಮನೆಗಳಲ್ಲಿ ಸಾರಿನ ಮೊದಲ ಸೌಟು ಅವರ ಅಂಗೈಗೆ ಬೀಳುತ್ತಿತ್ತು. ಅವರು ನೆಕ್ಕಿ, ಕಣ್ಣು ಮುಚ್ಚಿ, "ಉಪ್ಪು ಒಂದು ಚೂರು ಮುಂದಿದೆ" ಎಂದರೆ ಸಾಕು. ಅಲ್ಲಿಯವರೆಗೆ ಸರಿಯಾಗಿದ್ದ ಸಾರು ಎಲ್ಲರಿಗೂ ಉಪ್ಪಾಗುತ್ತಿತ್ತು.

ಅಂಥ ನಾಲಿಗೆ ಮನೆಯಲ್ಲಿ ಕಿರಿಯ ಸೊಸೆ ಸಾವಂತ್ರಿಯ ಹುರುಳಿಕಟ್ಟಿನ ಸಾರನ್ನು ಎಂಟು ವರ್ಷ ಹೊಗಳಿತು. ಹಿರಿಯ ಸೊಸೆ ಚನ್ನಾಜಿಯ ಸಾರನ್ನು ಸುಮ್ಮನೆ ಉಂಡಿತು.

ಆಮೇಲೆ ಬೋರಲಿಂಗಯ್ಯ ತೀರಿಕೊಂಡರು.

ಬದುಕಿದ್ದಾಗ ಅವರು ಸೋಮವಾರ ತಪ್ಪದೆ ಹೊಳೆದಂಡೆಯ ಆಶ್ರಮಕ್ಕೆ ಹೋಗುತ್ತಿದ್ದರು. ಅಲ್ಲಿನ ಗುರು ಅವರ ಬಾಲ್ಯದ ಗೆಳೆಯ. ಆಶ್ರಮದ ಅಡುಗೆಯನ್ನು ಎರಡನೆಯ ಸಲ ಕೇಳಿ ಹಾಕಿಸಿಕೊಂಡವರು ಅವರೊಬ್ಬರೇ. ಜನ ಅದನ್ನು ವೈರಾಗ್ಯ ಎಂದು ಕರೆದರು.

ಅವರು ಒರಗಿ ಕೂರುತ್ತಿದ್ದ ಕಂಬದ ಬುಡದಲ್ಲಿ ಈಗ ಚನ್ನಾಜಿ ಕೂತು ಪಾಠ ಕೇಳುತ್ತಿದ್ದಳು. ಜ್ಞಾನದ ಆಸೆ ಇತ್ತೋ ಇಲ್ಲವೋ, ಆ ಜಾಗ ಸಾವಂತ್ರಿಗೆ ಸಿಗಬಾರದು ಎಂಬ ಆಸೆ ಮಾತ್ರ ಇತ್ತು.

ಮಾವ ಹೋಗಿ ವರ್ಷ ತುಂಬಲು ನಾಲ್ಕು ದಿನ ಉಳಿದಿತ್ತು. ಆ ಸೋಮವಾರ ಪಾಠ ಮುಗಿದರೂ ಅವಳು ಏಳಲಿಲ್ಲ.

"ಏನವ್ವ?" ಎಂದರು ಗುರು.

"ಬುದ್ಧಿ, ಹೊಟ್ಟೆಕಿಚ್ಚಿಗೆ ಏನಾದ್ರೂ ಮಂತ್ರ ಇದೆಯಾ?"

"ಇದ್ದಿದ್ದರೆ ಆಚೆ ದಡದ ಮಠ ಕಂಡರೆ ನನಗೆ ಯಾಕೆ ಉರಿಯುತ್ತಿತ್ತು? ನಿನಗೆ ಯಾರ ಮೇಲೆ?"

"ಶುಕ್ರವಾರ ಮಾವನಿಗೆ ವರ್ಷದ ಎಡೆ. ಅವರಿಗೆ ಇಷ್ಟವಾದದ್ದೆಲ್ಲ ಮಾಡಿ ಪಟದ ಮುಂದೆ ಇಡಬೇಕು. ಸಾರು ಸಾವಂತ್ರಿಯೇ ಮಾಡಲಿ, ಅವಳ ಕೈಸಾರು ಅಂದ್ರೆ ಮಾವನಿಗೆ ಪ್ರಾಣ ಅಂತ ಮನೆಯವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರೆ. ನನಗೆ ವಡೆ ಕರಿಯೋ ಕೆಲಸ."

"ವಡೆ ಏನು ಕಡಿಮೆಯೇ?"

"ಮಾವನಿಗೆ ಹಲ್ಲಿರಲಿಲ್ಲ ಬುದ್ಧಿ."

ಗುರು ನಗಲಿಲ್ಲ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾನು ಆ ಮನೆಗೆ ಬಂದಾಗ ಹದಿನೈದು ವರ್ಷ. ತಾಯಿ ಇಲ್ಲದವಳು. ಮೊದಲ ದಿನ ಮಾಡಿದ ಮುದ್ದೆ ಬರೀ ಗಂಟು. ಗಂಡ ತಟ್ಟೆ ತಳ್ಳಿ ಎದ್ದುಹೋದ. ಮಾವ ಒಂದೊಂದೇ ಗಂಟು ಆರಿಸಿ ತಟ್ಟೆ ಅಂಚಿಗೆ ಇಟ್ಕೊಂಡ್ರು. 'ಹದಿಮೂರು ಕಣವ್ವ, ನಾಳೆ ಹತ್ತು ಮಾಡು' ಅಂದ್ರು. ನನಗೆ ಅಪ್ಪ ಅಂದ್ರೆ ಅವರೇ."

"ಆಮೇಲೆ?"

"ಆಮೇಲೆ ಕೈ ಪಳಗಿತು. ನನ್ನ ಸಾರು ಕುಡಿದು ಪ್ರತಿ ಸಲ ಒಂದೇ ಮಾತು ಹೇಳೋರು. 'ಮೊದಲು ಹುಳಿ, ಆಮೇಲೆ ಖಾರ, ಎಲ್ಲ ಇಳಿದ ಮೇಲೆ ಹಿಂದಿನಿಂದ ಮೆಂತ್ಯದ ಒಂದೆಳೆ ಕಹಿ.' ಸಾರಿನ ಖಾರಕ್ಕೆ ಹುರಿದ ಮೆಂತ್ಯ ನಾಲ್ಕು ಕಾಳು ಹಾಕೋದು ನಾನು ಕಂಡ್ಕೊಂಡ ದಾರಿ. ನಮ್ಮ ಕಡೆ ಇನ್ಯಾರೂ ಹಾಕಲ್ಲ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಮಾವನಿಗೆ ದೊಡ್ಡ ಜ್ವರ ಬಂತಲ್ಲ, ಆಗ ಇಪ್ಪತ್ತು ದಿನ ನಾನೇ ಗಂಜಿ ಕುಡಿಸಿದೆ. ಎದ್ದು ಓಡಾಡೋ ಹಾಗಾದ ಮೇಲೆ ನನ್ನ ಸಾರಿನ ಬಗ್ಗೆ ಮಾತೇ ನಿಲ್ಲಿಸಿಬಿಟ್ರು. ಮರುವರ್ಷ ಮೈದುನನ ಮದುವೆಯಾಗಿ ಅವಳು ಬಂದಳು. ಅವಳ ಮೊದಲ ಸಾರು ಕುಡಿದು, ನನ್ನ ಎದುರಿಗೇ, ಅದೇ ಮಾತು. ಹುಳಿ, ಖಾರ, ಹಿಂದಿನಿಂದ ಮೆಂತ್ಯದ ಕಹಿ. ಒಂದಕ್ಷರ ಬದಲಿಲ್ಲ. ಅವಳು ಹೊಸಬಳು, ಬಾಗಿಲ ಹಿಂದೆ ನಿಂತು ನಕ್ಕಳು. ಎಂಟು ವರ್ಷ ನಗ್ತಾನೇ ಇದ್ದಳು."

"ಅವಳೂ ಮೆಂತ್ಯ ಹಾಕುತ್ತಾಳೋ?"

"ಹಾಕದೆ ಅಂಥ ನಾಲಿಗೆಗೆ ಹೇಗೆ ಸಿಗುತ್ತೆ? ನನ್ನದು ನೋಡಿ ಕದ್ದಳು. ಮೆಂತ್ಯ ಕಂಡ್ರೆ ನನಗಾಗಲ್ಲ ಅಕ್ಕ ಅಂತ ಬಾಯಲ್ಲಿ ಹೇಳ್ತಾಳೆ, ಕಳ್ಳಿ."

"ನೀನು ಅವಳ ಸಾರಿನ ರುಚಿ ನೋಡಿದ್ದೀಯಾ?"

"ನಾನಾ? ಅವಳ ಸರದಿಯ ದಿನ ಮಜ್ಜಿಗೆಯಲ್ಲಿ ಮುದ್ದೆ ನುಂಗ್ತೀನಿ."

"ಎಂಟು ವರ್ಷದಿಂದ?"

"ಈಗ ಒಂಬತ್ತಾಯ್ತು."

ಗುರು ಅವಳನ್ನು ಗೌರವದಿಂದ ನೋಡಿದರು. ಅಷ್ಟು ದೀರ್ಘ ತಪಸ್ಸನ್ನು ಆಶ್ರಮದಲ್ಲಿ ಯಾರೂ ಮಾಡಿರಲಿಲ್ಲ.

"ನಾಳೆ ಯಾರ ಸರದಿ?"

"ಅವಳದ್ದೇ."

"ಒಂದು ಚೊಂಬು ಸಾರು ತಾ."

ಮರುದಿನ ಚನ್ನಾಜಿ ಚೊಂಬನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ಬಂದಳು.

"ತಗೊಳ್ಳಿ ಬುದ್ಧಿ. ಊರೆಲ್ಲ ಕೊಂಡಾಡೋ ಸಾರು. ಕುಡಿದು ನೀವೂ ಅವಳ ಕಡೆ ಸೇರ್ಕೊಳ್ಳಿ."

ಗುರು ಸಾರನ್ನು ಬಟ್ಟಲಿಗೆ ಬಗ್ಗಿಸಿ ಅವಳ ಮುಂದೆ ಸರಿಸಿದರು.

"ನೀನು ಕುಡಿ."

"ಸತ್ತರೂ ಇಲ್ಲ."

"ಹಾಗಾದರೆ ಶುಕ್ರವಾರ ವಡೆ ಕರಿ."

ಚನ್ನಾಜಿ ಬಟ್ಟಲನ್ನು ಎತ್ತಿ, ಔಷಧಿ ಕುಡಿಯುವವಳ ಮುಖ ಮಾಡಿಕೊಂಡು, ಒಂದು ಗುಟುಕು ನುಂಗಿದಳು.

"ಬೆಲ್ಲ" ಎಂದಳು.

"ಇನ್ನೊಂದು ಗುಟುಕು."

"ಬೆಲ್ಲ. ಕಾಯಿ. ಬೆಳ್ಳುಳ್ಳಿ ಜಾಸ್ತಿ."

"ಹಿಂದಿನಿಂದ?"

ಅವಳು ಹೊಳೆಯ ಕಡೆ ನೋಡುತ್ತಾ ಕಾದಳು. ಬಟ್ಟಲಲ್ಲಿ ಉಳಿದಿದ್ದನ್ನು ಪೂರಾ ಕುಡಿದಳು. ಮತ್ತೆ ಕಾದಳು.

"ಹಿಂದಿನಿಂದ ಏನೂ ಇಲ್ಲ."

"ಸರಿಯಾಗಿ ನೋಡು."

"ಮೆಂತ್ಯ ಇಲ್ಲ ಬುದ್ಧಿ." ಅವಳ ದನಿ ಇಳಿದಿತ್ತು. "ನನಗಾಗಲ್ಲ ಅಂದದ್ದು ನಿಜವೇ ಇರಬೇಕು. ಅವಳು ಯಾವತ್ತೂ ಹಾಕೇ ಇಲ್ಲ."

ಗುರು ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡರು.

"ಹಾಗಾದ್ರೆ ಮಾವ ಎಂಟು ವರ್ಷ ಹೇಳಿದ್ದು ಯಾವ ಸಾರಿನ ಮಾತು?" ಚನ್ನಾಜಿ ಕೇಳಿದಳು. "ಅವಳು ಹಾಕದ ಮೆಂತ್ಯ ಅವರಿಗೆ ಹೇಗೆ ಸಿಕ್ಕಿತು? ಅವರ ನಾಲಿಗೆ ತಪ್ಪುವುದಿಲ್ಲವಲ್ಲ!"

ಗುರು ನೀರಿಗಿಳಿದು ಬಟ್ಟಲು ತೊಳೆದರು. ಮೇಲೆ ಬಂದು ಅದನ್ನು ಕಲ್ಲಿನ ಮೇಲೆ ಮಗುಚಿಟ್ಟರು.

"ಆ ಜ್ವರದಲ್ಲೇ ನಿನ್ನ ಮಾವನ ನಾಲಿಗೆಯ ರುಚಿ ಹೋಯಿತು ಕಣವ್ವ. ಮತ್ತೆ ಬರಲೇ ಇಲ್ಲ. 'ದೊಡ್ಡವಳ ಹತ್ತಿರ ಸುಳ್ಳು ಹೇಳಲಾರೆ' ಎಂದು ನನಗೊಬ್ಬನಿಗೇ ಹೇಳಿದ್ದ."