ಹಗ್ಗ ಹೊಸೆಯುವವನೂ ಅಕ್ಕಸಾಲಿಗನೂ

“ಗುರುಗಳೇ, ದೊಡ್ಡವರಿಗೆ ಕಲಿಸುವ ನನ್ನ ದಾರಿ ಯಾವುದೆಂದು ನಾನು ಹೇಗೆ ಕಂಡುಕೊಳ್ಳಲಿ?” ಎಂದು ಮುರಿಗೆಪ್ಪ ಕೇಳಿದ. ದುಡಿದು ದಣಿದು ಬಂದ ಊರವರಿಗೆ ಅವನು ಒಂದು ವರ್ಷದಿಂದ ಮಠದ ಜಗಲಿಯಲ್ಲಿ ಓದುಬರಹ ಕಲಿಸುತ್ತಿದ್ದ. “ನಾನು ಕಲಿತ ಹಾಗೆಯೇ ಕಲಿಸುತ್ತಿದ್ದೇನೆ. ಅರ್ಧದಷ್ಟು ಜನ ಬರುವುದನ್ನೇ ಬಿಟ್ಟಿದ್ದಾರೆ.”

ಗುರುಗಳು ಹೇಳಿದರು:

ಒಬ್ಬ ಹಗ್ಗ ಹೊಸೆಯುವವನಿದ್ದ. ಹುಟ್ಟುಕುರುಡ. ಅವನಿಗೆ ತನ್ನವರೆಂದು ಯಾರೂ ಇರಲಿಲ್ಲ. ಕೋಲು ಹಿಡಿದು ಊರೆಲ್ಲ ತಿರುಗುತ್ತಿದ್ದ, ಬಾವಿಯಿಂದ ತಾನೇ ನೀರು ಸೇದಿ ತರುತ್ತಿದ್ದ. ನಡುವಯಸ್ಸಿನಲ್ಲಿ ಕಣ್ಣು ಹೋದವರನ್ನು ಮನೆಯವರು ತಂದು ಅವನ ಬಳಿ ಬಿಡುತ್ತಿದ್ದರು. ಅವನು ಎಲ್ಲರಿಗೂ ಒಂದೇ ಪಾಠ ಹೇಳುತ್ತಿದ್ದ. ಕೋಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿಯಬೇಕು, ನೆಲಕ್ಕೆ ಬಡಿಯಬೇಕು, ಸದ್ದು ಕೇಳಬೇಕು, ಹೆಜ್ಜೆ ಎಣಿಸಬೇಕು. ಅವನು ನಡೆಯಲು ಕಲಿತದ್ದು ಹಾಗೆ. ಕೆಲವರು ಕಲಿತರು. ಕಲಿಯದವರನ್ನು ಅವನು ಸೋಮಾರಿಗಳೆಂದುಕೊಂಡ.

ಒಮ್ಮೆ ಒಬ್ಬ ಅಕ್ಕಸಾಲಿಗನನ್ನು ಅವನ ಹೆಂಡತಿ ಕರೆತಂದಳು. ಕಣ್ಣು ಹೋದಂದಿನಿಂದ ಅವನು ಮನೆಯ ಮೂಲೆ ಬಿಟ್ಟು ಎದ್ದಿರಲಿಲ್ಲ. ಊಟವೂ ಕಡಿಮೆಯಾಗುತ್ತಾ ಬಂದಿತ್ತು. “ಇಲ್ಲಿಯೂ ಆಗದಿದ್ದರೆ ಇವರು ಉಳಿಯುವುದಿಲ್ಲ” ಎಂದು ಹೇಳಿ ಆಕೆ ಹೊರಟುಹೋದಳು.

ಎರಡು ತಿಂಗಳು ಕಳೆಯಿತು. ಅಕ್ಕಸಾಲಿಗ ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಇಡುತ್ತಿದ್ದ, ಅಲ್ಲೇ ನಿಂತುಬಿಡುತ್ತಿದ್ದ. ಒಂದು ದಿನ ಹಗ್ಗದವನಿಗೆ ಸಿಟ್ಟು ಬಂತು.

“ನಾನು ಹುಟ್ಟಿದಾಗಿನಿಂದ ಬೆಳಕು ಕಂಡವನಲ್ಲ. ನಡೆಯುತ್ತೇನೆ. ನಿಮಗೇನಾಗಿದೆ?”

“ನೀವು ಏನನ್ನೂ ಕಳೆದುಕೊಂಡಿಲ್ಲ” ಎಂದ ಅಕ್ಕಸಾಲಿಗ. “ನಾನು ಹೆಜ್ಜೆ ಎತ್ತಿದಾಗಲೆಲ್ಲ ಕಣ್ಣು ತಾನಾಗಿ ನೋಡಲು ಹೋಗುತ್ತದೆ. ಏನೂ ಕಾಣುವುದಿಲ್ಲ. ಪ್ರತಿ ಹೆಜ್ಜೆಗೂ ಹೊಸದಾಗಿ ಕುರುಡನಾಗುತ್ತೇನೆ.”

ಅಂದು ಪಾಠ ನಡೆಯಲಿಲ್ಲ. ಮರುದಿನ ಹಗ್ಗದವನು ಕೆಲಸ ಬಿಟ್ಟು ಅಕ್ಕಸಾಲಿಗನ ಪಕ್ಕ ಕುಳಿತ. ಕಣ್ಣಿದ್ದಾಗ ಏನೇನು ಮಾಡುತ್ತಿದ್ದಿರಿ ಎಂದು ಕೇಳಿದ. ಅಷ್ಟು ದಿನವೂ ಅದನ್ನು ಕೇಳಿರಲಿಲ್ಲ. ಅಕ್ಕಸಾಲಿಗ ಮಾತಾಡತೊಡಗಿದ. ಮೂಸೆಯಲ್ಲಿ ಕರಗಿದ ಚಿನ್ನದ ಬಣ್ಣ ಹೇಳಿದ. ಮದುಮಗಳೊಬ್ಬಳು ಮೂಗುತಿ ಇಟ್ಟು ಕನ್ನಡಿ ನೋಡಿಕೊಂಡ ಬಗೆ ಹೇಳಿದ. ಹೇಳುತ್ತಲೇ ಕೈಗೆ ಸಿಕ್ಕ ಹಗ್ಗದ ತುದಿಯನ್ನು ಎರಡು ಬೆರಳ ನಡುವೆ ಹೊರಳಿಸಿ, ಇದರಲ್ಲಿ ಒಂದು ಎಳೆ ಕಡಿಮೆ ಇದೆ ಎಂದ.

ಹಗ್ಗದವನು ಬಿಚ್ಚಿ ಎಣಿಸಿದ. ಒಂದು ಎಳೆ ಕಡಿಮೆ ಇತ್ತು. ಹೊಸೆದ ಅವನ ಬೆರಳಿಗೇ ಅದು ತಿಳಿದಿರಲಿಲ್ಲ.

ಅಂದೇ ಅವನು ತೆಳ್ಳಗಿನ ಕೋಲೊಂದನ್ನು ಕಡಿದು ತಂದ. ಮುಷ್ಟಿ ಬೇಡ, ಒಡವೆ ಕೆಲಸದಲ್ಲಿ ಚಿಮಟ ಹಿಡಿಯುವಂತೆ ಬೆರಳ ತುದಿಯಲ್ಲಿ ಹಿಡಿಯಿರಿ ಎಂದ. ಅಕ್ಕಸಾಲಿಗ ಹಿಡಿದ. ನೆಲದ ಮರಳು, ಕಲ್ಲು, ಚಪ್ಪಡಿಯ ಸಂದು ಎಲ್ಲವೂ ಕೋಲಿನಿಂದ ಬೆರಳಿಗೆ ಬಂದವು. ತಿಂಗಳೊಳಗೆ ಅವನು ಒಬ್ಬನೇ ಬಾವಿಗೆ ಹೋಗಿ ಬಂದ. ಹೆಂಡತಿ ಬಂದಾಗ ಅವಳಿಗಿಂತ ಮುಂದೆ ನಡೆದು ಊರಿಗೆ ಹೋದ.

ಆಮೇಲೆ ಬಂದವರನ್ನೆಲ್ಲ ಹಗ್ಗದವನು ಮೊದಲು ಮಾತಾಡಿಸಿದ. ಒಬ್ಬೊಬ್ಬರಿಗೂ ಒಂದೊಂದು ಬಗೆಯ ಪಾಠವಾಯಿತು. ಎಲ್ಲರೂ ಕಲಿತರು, ಎಲ್ಲರೂ ಹೋದರು. ಅವರು ಹೇಳಿದ ಬಣ್ಣಗಳು, ಮುಖಗಳು, ತುಂಬಿ ಹರಿದ ಹೊಳೆ ಅವನ ಬಳಿ ಉಳಿದವು. ಅದುವರೆಗೆ ಕುರುಡ ಎಂಬುದು ಅವನ ಪಾಲಿಗೆ ಜನ ಕರೆಯುವ ಒಂದು ಹೆಸರಾಗಿತ್ತು. ಈಗ ಅದರ ಅರ್ಥ ತಿಳಿಯಿತು. ಕೆಲವೊಮ್ಮೆ ಅವನು ಹಗ್ಗವನ್ನು ಅರ್ಧಕ್ಕೆ ಬಿಟ್ಟು ಸುಮ್ಮನೆ ಕುಳಿತಿರುತ್ತಿದ್ದ.

ಪಕ್ಕದ ಮನೆಯ ಮುದುಕಿ ಇದನ್ನು ಕಂಡು ಕೇಳಿದಳು: “ಇಷ್ಟು ಸಂಕಟವಾಗುವುದಾದರೆ ಅವರನ್ನೆಲ್ಲ ಯಾಕೆ ಕೇಳುತ್ತೀಯಪ್ಪ? ಮೊದಲಿನ ಹಾಗೆ ಪಾಠ ಹೇಳಿ ಕಳಿಸಬಾರದೇ?”

“ಮೊದಲು ನಾನು ಅವರಿಗೆ ಕಲಿಸುತ್ತಿರಲಿಲ್ಲ ತಾಯಿ,” ಎಂದ ಅವನು. “ಬಂದವರನ್ನು ಎದುರಿಗೆ ಕೂರಿಸಿಕೊಂಡು ನನಗೆ ನಾನೇ ಕಲಿಸುತ್ತಿದ್ದೆ.”

ಗುರುಗಳು ಕತೆ ಮುಗಿಸಿದರು. ಮುರಿಗೆಪ್ಪ, “ಹಾಗಾದರೆ ನನ್ನ ದಾರಿ ಯಾವುದು?” ಎಂದು ಮತ್ತೆ ಕೇಳಿದ.

“ಬರುವುದನ್ನು ಬಿಟ್ಟವರಲ್ಲಿ ಒಬ್ಬರ ಕೈ ದಿನವಿಡೀ ಏನು ಮಾಡುತ್ತದೆ, ಹೇಳು” ಎಂದರು ಗುರುಗಳು.

ಮುರಿಗೆಪ್ಪ ಅದನ್ನು ಯಾರಲ್ಲೂ ಕೇಳಿರಲಿಲ್ಲ. ಎದ್ದು, ಬರುವುದನ್ನು ಬಿಟ್ಟವರೊಬ್ಬರ ಮನೆಯ ಕಡೆ ನಡೆದ.